ಸಾಲ್ಮನ್ ಮೀನಿನ ಬಿಳಿ ಹುಣ್ಣು ಮತ್ತು ಥಾಮಸ್ ಹಕ್ಸ್ಲಿ

ಥಾಮಸ್ ಹೆನ್ರಿ ಹಕ್ಸ್ಲಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಡಾರ್ವಿನ್ ಪರವಾಗಿ ವಾದಿಸಿದ ವಿಜ್ಞಾನಿ ಎಂದು. ಅವರು ಕಲಿತದ್ದು ವೈದ್ಯವಿದ್ಯೆ. ಐವತ್ತೈದು ದಾಟಿದ ಮೇಲೆ ನದಿಮೀನಿನ ಮೈಮೇಲಿನ ಹುಣ್ಣನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅದರ ಬೆನ್ನು ಹತ್ತಿದರು. ಅಲ್ಲಿ ಅವರು ಕಂಡದ್ದು ಸರಿಯಾಗಿತ್ತು, ತೀರ್ಮಾನ ಮಾತ್ರ ಅರ್ಧ ಸರಿ. ಚರ್ಮದ ಅಥವಾ ಕಣ್ಣಿನ ಸೋಂಕಿಗೆ ಚಿಕಿತ್ಸೆ ಪಡೆಯುತ್ತಿರುವವರು, ಅವರ ಆರೈಕೆ ಮಾಡುವವರು ಈ ಕಥೆಯನ್ನು ತಿಳಿದಿದ್ದರೆ ಒಳ್ಳೆಯದು.

ಹಕ್ಸ್ಲಿ ಹುಟ್ಟಿದ್ದು 1825ರ ಮೇ 4ರಂದು, ಲಂಡನ್ ಹತ್ತಿರದ ಈಲಿಂಗ್‌ನಲ್ಲಿ. ಶಾಲೆಗೆ ಹೋದದ್ದು ಎರಡೇ ವರ್ಷ. ಹದಿಹರೆಯದಲ್ಲೇ ವೈದ್ಯರಾಗಿದ್ದ ಭಾವನ ಬಳಿ ಕೆಲಸ ಕಲಿಯಲು ಸೇರಿದರು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಮೊದಲ ಬಾರಿಗೆ ಮರಣೋತ್ತರ ಪರೀಕ್ಷೆಯನ್ನು ನೋಡಿದರು. ಕೈಗೆ ಗಾಯವಾಗಿರಲಿಲ್ಲ, ಆದರೂ ಅದರ ಬೆನ್ನಿಗೇ ಕಾಯಿಲೆ ಬಿದ್ದರು. ಹೇಗೋ ವಿಷ ಮೈಗೆ ಸೇರಿತು ಎಂದೇ ಅವರು ಕೊನೆಯವರೆಗೆ ನಂಬಿದ್ದರು. ವಾರಿಕ್‌ಶೈರ್‌ನ ಒಂದು ಹಳ್ಳಿಮನೆಯಲ್ಲಿ ಪರಿಚಯದವರು ಇಟ್ಟುಕೊಂಡು ಉಪಚಾರ ಮಾಡಿದ ಮೇಲೆ ಚೇತರಿಸಿಕೊಂಡರು. ಹೊಟ್ಟೆಯ ತೊಂದರೆ ಮಾತ್ರ ಅಲ್ಲಿಂದ ಮುಂದೆ ಜೀವಮಾನವಿಡೀ ಜೊತೆಗೇ ಇತ್ತು.

ಆಮೇಲೆ ಲಂಡನ್ನಿನ ಹಡಗುಕಟ್ಟೆಗಳ ಬಳಿ, ಬಡವರ ಕೇರಿಯಲ್ಲಿ ಕೆಲಸ. ಔಷಧಿಗಿಂತ ಹೊಟ್ಟೆ ತುಂಬ ಊಟ ಬೇಕಾಗಿದ್ದ ರೋಗಿಗಳನ್ನು ಅಲ್ಲಿ ಕಂಡರು. 1842ರಲ್ಲಿ ವಿದ್ಯಾರ್ಥಿವೇತನ ಪಡೆದು ಚಾರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಓದತೊಡಗಿದರು. 1845ರಲ್ಲಿ, ಇನ್ನೂ ಇಪ್ಪತ್ತರ ಹುಡುಗ, ಕೂದಲ ಬೇರಿನ ಸುತ್ತಲಿನ ಕವಚದಲ್ಲಿ ಯಾರೂ ಗುರುತಿಸಿರದ ಒಂದು ಪದರವನ್ನು ಕಂಡುಹಿಡಿದರು. ಬಿ.ಫಾರ್ಮ್ ಓದುವಾಗ ಚರ್ಮದ ಚಿತ್ರದಲ್ಲಿ ನಾನು ಗುರುತು ಹಾಕುತ್ತಿದ್ದ ಹಕ್ಸ್ಲಿ ಪದರ ಅದೇ. ಮುಂದೆ ಮೀನಿನ ಚರ್ಮಕ್ಕೆ ಕೈಹಾಕಿದಾಗ ಅವರು ಹೊಸಬರೇನೂ ಆಗಿರಲಿಲ್ಲ.

1846ರಿಂದ 1850ರವರೆಗೆ ರ್‍ಯಾಟಲ್‌ಸ್ನೇಕ್ ಎಂಬ ನೌಕಾಪಡೆಯ ಹಡಗಿನಲ್ಲಿ ಸಹಾಯಕ ಶಸ್ತ್ರವೈದ್ಯರಾಗಿ ಆಸ್ಟ್ರೇಲಿಯಾ ಕಡೆ ಸುತ್ತಿ ಬಂದರು. ಸಿಡ್ನಿಯಲ್ಲಿ ಭೇಟಿಯಾದ ಹೆನ್ರಿಯೆಟ್ಟಾ ಅವರನ್ನು 1855ರಲ್ಲಿ ಮದುವೆಯಾದರು. 1860ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ವಿಕಾಸವಾದದ ಪರವಾಗಿ ಬಿಷಪ್ ಒಬ್ಬರ ಎದುರು ಮಾತಾಡಿ ಹೆಸರಾದರು. ಅದೇ ವರ್ಷ ಅವರ ಚೊಚ್ಚಲ ಮಗ ನೋಯೆಲ್, ನಾಲ್ಕು ತುಂಬುವ ಮೊದಲೇ, ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡ. ಇಂದು ಪೆನಿಸಿಲಿನ್‌ಗೆ ಬಗ್ಗುವ ಕಾಯಿಲೆ ಅದು; ಆಗ ಅದಕ್ಕೆ ಕಾರಣವಾದ ಜೀವಿ ಯಾವುದೆಂಬುದೂ ತಿಳಿದಿರಲಿಲ್ಲ.

ಇನ್ನು ಮೀನಿನ ವಿಷಯ. 1877ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯ ಎಸ್ಕ್, ನಿತ್ ನದಿಗಳಲ್ಲಿ ಸಾಲ್ಮನ್ ಮೀನುಗಳು ಸಾಯತೊಡಗಿದವು. ರೋಗ ಈಡನ್ ನದಿಗೆ, ಮುಂದೆ ಟ್ವೀಡ್‌ಗೂ ಹಬ್ಬಿತು. ಗಾಳ ಹಾಕಿದವರ ಕೈಗೆ ಬರುತ್ತಿದ್ದ ಮೀನಿನ ತಲೆ, ಬೆನ್ನು, ಈಜುರೆಕ್ಕೆಗಳ ಬುಡದಲ್ಲಿ ಬೂದು ಬಿಳುಪಿನ ತೇಪೆಗಳು. ನೀರಿನಲ್ಲಿ ನೋಡಿದರೆ ಹತ್ತಿ ಅಂಟಿಸಿದಂತೆ ಕಾಣುತ್ತಿತ್ತು. ತೇಪೆಯ ಅಡಿಯಲ್ಲಿ ಹಸಿ ಹುಣ್ಣು. ಸಾಲ್ಮನ್ ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ನದಿಗೆ ಬರುವ ಮೀನು. ನದಿಗೆ ಬಂದ ಮೇಲೆ ಅದು ಹೆಚ್ಚುಕಡಿಮೆ ಉಪವಾಸ. ಮೊಟ್ಟೆಯಿಟ್ಟ ಮೇಲಂತೂ ಸೋತು ಸುಣ್ಣವಾಗಿರುತ್ತದೆ. ಬಿಳಿ ತೇಪೆ ಹೆಚ್ಚಾಗಿ ಬೀಳುತ್ತಿದ್ದುದು ಇಂಥವುಗಳ ಮೇಲೆ. ಕಾರ್ಖಾನೆಯ ಕೊಳಕು, ಮೀನುಗಳ ಕಿಕ್ಕಿರಿತ, ನೀರಿನ ಕೊರತೆ ಎಂದು ಜನ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು.

ಈ ರೋಗದ ತನಿಖೆಯಲ್ಲಿದ್ದ ಮೀನುಗಾರಿಕೆ ಇನ್‌ಸ್ಪೆಕ್ಟರ್ ಫ್ರಾಂಕ್ ಬಕ್‌ಲ್ಯಾಂಡ್ 1880ರ ಕೊನೆಗೆ ತೀರಿಕೊಂಡರು. ಅವರೂ ಮೊದಲು ಶಸ್ತ್ರವೈದ್ಯರೇ. 1881ರಲ್ಲಿ ಆ ಹುದ್ದೆ ಹಕ್ಸ್ಲಿಗೆ ಬಂತು.

ಹಕ್ಸ್ಲಿ ತೇಪೆಯ ಚೂರನ್ನು ಕೊಯ್ದು ನೋಡಿದರು. ಅದು ಸ್ಯಾಪ್ರೊಲೆಗ್ನಿಯಾ ಎಂಬ ನೀರಿನ ಬೂಷ್ಟು. ಅದರ ಎಳೆಗಳು ಮೇಲೆ ಹರಡಿಕೊಂಡಿದ್ದಷ್ಟೇ ಅಲ್ಲ, ಬೇರಿನಂತೆ ಚರ್ಮದೊಳಗೂ ಇಳಿದಿದ್ದವು. ಇದೇ ಬೂಷ್ಟು ನೀರಿಗೆ ಬಿದ್ದ ಸತ್ತ ನೊಣಗಳ ಮೇಲೂ ಬೆಳೆಯುತ್ತದೆ ಎಂಬುದು ಗೊತ್ತಿತ್ತು. ಹಾಗಾದರೆ ಎರಡೂ ಒಂದೆಯೇ? ಆಗಷ್ಟೇ ಸತ್ತ ಮನೆನೊಣವನ್ನು ಮೀನಿನ ಹುಣ್ಣಿಗೆ ಮೆಲ್ಲನೆ ಎರಡು ಮೂರು ಸಲ ಸವರಿ ನೀರಿನಲ್ಲಿ ಬಿಟ್ಟರು. ಸುಮಾರು ಎರಡು ದಿನದಲ್ಲಿ ನೊಣದ ಮೈತುಂಬ ಬಿಳಿ ಎಳೆ. ಎಳೆಯ ತುದಿಯ ಚೀಲಗಳು ಒಡೆದು ಬೀಜಕಣಗಳು ಹೊರಬಿದ್ದು ನೀರಿನಲ್ಲಿ ಹರಡುವುದನ್ನೂ ನೋಡಿದರು. ಒಂದು ನೊಣ, ಒಂದು ಪಾತ್ರೆ ನೀರು, ಇಷ್ಟರಲ್ಲಿ ಮುಗಿದ ಪ್ರಯೋಗ. ಇಂಥ ಸರಳತೆ ಕಂಡರೆ ನನಗೆ ಹೊಟ್ಟೆಕಿಚ್ಚು. 1882ರಲ್ಲಿ ಅವರು ಪ್ರಕಟಿಸಿದ ತೀರ್ಮಾನದ ಪ್ರಕಾರ ಈ ಬೂಷ್ಟೇ ರೋಗದ ಮೂಲ.

ಮರುವರ್ಷ ರಾಯಲ್ ಸೊಸೈಟಿಯ ಅಧ್ಯಕ್ಷರಾದರು. ಆರೋಗ್ಯ ಕೈಕೊಟ್ಟಿತ್ತು, ಹೊಟ್ಟೆಯ ಜೊತೆಗೆ ಮನಸ್ಸೂ ಕುಗ್ಗಿತ್ತು. 1885ರಲ್ಲಿ ಹುದ್ದೆಗಳನ್ನೆಲ್ಲ ಬಿಟ್ಟರು. ಕೊನೆಯ ವರ್ಷಗಳನ್ನು ಈಸ್ಟ್‌ಬೋರ್ನ್ ಎಂಬ ಕಡಲತಡಿಯ ಊರಿನಲ್ಲಿ ಕಳೆದು, 1895ರ ಜೂನ್ 29ರಂದು, ಇನ್‌ಫ್ಲುಯೆಂಜಾ ಬಂದುಹೋದ ಕೆಲ ತಿಂಗಳಿಗೆ ತೀರಿಕೊಂಡರು.

1903ರಲ್ಲಿ ಹ್ಯೂಮ್ ಪ್ಯಾಟರ್ಸನ್ ಎಂಬ ಬ್ಯಾಕ್ಟೀರಿಯಾ ತಜ್ಞರು ಹಕ್ಸ್ಲಿಯ ತೀರ್ಮಾನವನ್ನು ಪ್ರಶ್ನಿಸಿದರು. ಚರ್ಮವನ್ನು ಮೊದಲು ಕೆಡಿಸುವುದು ಒಂದು ಬ್ಯಾಕ್ಟೀರಿಯಾ, ಬೂಷ್ಟು ಆಮೇಲೆ ಬಂದು ಕೂರುತ್ತದೆ ಎಂದರು. ಅವರ ಬ್ಯಾಕ್ಟೀರಿಯಾ ಮುಂದೆ ನಿಲ್ಲಲಿಲ್ಲ. ಹಿಂದುಮುಂದಿನ ಕ್ರಮ ಮಾತ್ರ ನಿಂತಿತು. 1960ರ ದಶಕದಲ್ಲಿ ಐರ್ಲೆಂಡ್, ಬ್ರಿಟನ್ ನದಿಗಳಲ್ಲಿ ಅಂಥದೇ ರೋಗ ಮರುಕಳಿಸಿದಾಗಲೂ ಕಂಡದ್ದು ಇದೇ: ಮೊದಲು ತಲೆಯ ಚರ್ಮ ಸಾಯುತ್ತದೆ, ಬಿಳಿ ಹತ್ತಿ ಆಮೇಲೆ. ಚರ್ಮ ಮೊದಲು ಏಕೆ ಸಾಯುತ್ತದೆ ಎಂಬ ಪ್ರಶ್ನೆಗೆ ವಿಜ್ಞಾನ ಇನ್ನೂ ಖಚಿತ ಉತ್ತರ ಕೊಟ್ಟಿಲ್ಲ. ಹಾಗೆಂದು ಹಕ್ಸ್ಲಿಯ ಊಹೆ ಹುಚ್ಚು ಊಹೆಯಲ್ಲ. 1988ರಿಂದ ಭಾರತದ ಕೆರೆ ಗದ್ದೆಗಳ ಮೀನುಗಳನ್ನು, ಅದರಲ್ಲೂ ಚೆನ್ನೈನವರು ವಿರಾಲ್, ಹೈದರಾಬಾದಿನವರು ಕೊರಮೀನು ಎನ್ನುವ ಜಾತಿಯನ್ನು, ಕೆಂಪು ಹುಣ್ಣು ಮಾಡಿ ಕೊಂದ ರೋಗದಲ್ಲಿ ಅಫನೊಮೈಸಿಸ್ ಎಂಬ ಇದೇ ಬಳಗದ ಬೂಷ್ಟೇ ನಿಜವಾದ ಅಪರಾಧಿ.

ಔಷಧಿ ಅಂಗಡಿಗೆ ಬಂದು ಗಾಯದ ಫೋಟೋ ತೋರಿಸಿ ಫಂಗಸ್ ಕ್ರೀಮ್ ಕೇಳುವವರು ದಿನಕ್ಕೆ ಒಬ್ಬರಾದರೂ ಇರುತ್ತಾರೆ. ಕಣ್ಣಿಗೆ ಕಂಡ ಬಿಳುಪು ಫಂಗಸ್ ಹೌದೇ, ಹೌದಾದರೆ ಅದೇ ಮೂಲವೇ ಎಂಬ ಎರಡು ಪ್ರಶ್ನೆ ಬಾಕಿ ಉಳಿದಿರುತ್ತವೆ. ಮೊದಲ ಪ್ರಶ್ನೆಗೆ ಹಕ್ಸ್ಲಿಯ ಬೂಷ್ಟೇ ಉದಾಹರಣೆ: ಅದು ಶಿಲೀಂಧ್ರದಂತೆ ಕಾಣುತ್ತದೆ, ಆದರೆ ಇಂದಿನ ವರ್ಗೀಕರಣದಲ್ಲಿ ಶಿಲೀಂಧ್ರವಲ್ಲ. ಇದೇ ಬಳಗದ ಪಿಥಿಯಂ ಇನ್ಸಿಡಿಯೋಸಮ್ ಎಂಬ ಜೀವಿ ಕೆರೆ, ಹೊಂಡಗಳ ನೀರಿನಿಂದ ಮನುಷ್ಯರ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ ಸೋಂಕು ತರುತ್ತದೆ, ಭಾರತದಲ್ಲೂ ವರದಿಯಾಗಿದೆ. ಸೂಕ್ಷ್ಮದರ್ಶಕದಲ್ಲಿ ಅದು ಶಿಲೀಂಧ್ರದ ಎಳೆಯಂತೆಯೇ ಕಾಣುವುದರಿಂದ ನ್ಯಾಟಾಮೈಸಿನ್ ಹನಿ ಶುರುವಾಗುತ್ತದೆ. ಆ ಔಷಧ ಹಿಡಿಯುವುದು ಶಿಲೀಂಧ್ರದ ಪೊರೆಯ ಎರ್ಗೊಸ್ಟೆರಾಲ್ ಎಂಬ ಕೊಬ್ಬನ್ನು. ಪಿಥಿಯಂನಲ್ಲಿ ಅದಿಲ್ಲ, ಹಾಗಾಗಿ ಹನಿ ನಾಟುವುದಿಲ್ಲ. ಬದಲಿಗೆ ಲಿನೆಜೋಲಿಡ್, ಅಜಿತ್ರೋಮೈಸಿನ್‌ನಂಥ ಬ್ಯಾಕ್ಟೀರಿಯಾ ನಿರೋಧಕಗಳನ್ನು ಬಳಸುತ್ತಾರೆ. ಎಷ್ಟೋ ಸಲ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಇದನ್ನು ಗುರುತಿಸಲು ಪ್ರಯೋಗಾಲಯದವರು ಮಾಡುವ ಒಂದು ಪರೀಕ್ಷೆಯಲ್ಲಿ ಎಲೆಯ ಚೂರನ್ನು ನೀರಿನಲ್ಲಿಟ್ಟು ಈಜುವ ಬೀಜಕಣಗಳು ಬರುತ್ತವೆಯೇ ನೋಡುತ್ತಾರೆ. ನೊಣದ ಜಾಗದಲ್ಲಿ ಎಲೆ, ಅಷ್ಟೇ ವ್ಯತ್ಯಾಸ. ಫಂಗಸ್ ಎಂದು ಕೊಟ್ಟ ಹನಿಯಿಂದ ಕಣ್ಣು ಸುಧಾರಿಸದಿದ್ದರೆ, ಕೆರೆಯಲ್ಲಿ ಈಜಿದ್ದನ್ನೋ ಕಣ್ಣಿಗೆ ಕೆಸರುನೀರು ಬಿದ್ದದ್ದನ್ನೋ ವೈದ್ಯರಿಗೆ ನೆನಪಿಸಿ.

ಹುಣ್ಣಿರುವ ಮೀನನ್ನು ಮುಟ್ಟಿದರೆ ಆ ಬಿಳಿ ಬೂಷ್ಟು ನಿಮಗೆ ಅಂಟುವುದಿಲ್ಲ. ಎಚ್ಚರಿಕೆ ಬೇಕಾದದ್ದು ಬ್ಯಾಕ್ಟೀರಿಯಾಗಳ ಬಗ್ಗೆ. ಏರೊಮೊನಾಸ್ ಎಂಬುದು ಗಾಯದ ಮೂಲಕ ಒಳಹೊಕ್ಕು ಬೇಗ ಉಲ್ಬಣಿಸಬಹುದು. ಯಕೃತ್ತಿನ ಕಾಯಿಲೆ ಇರುವವರಿಗೆ, ಮಧುಮೇಹಿಗಳಿಗೆ, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ಮೈಕೊಬ್ಯಾಕ್ಟೀರಿಯಂ ಮರೀನಮ್ ನಿಧಾನದ್ದು: ಮುಳ್ಳು ಚುಚ್ಚಿ ವಾರಗಳು ಕಳೆದ ಮೇಲೆ ಬೆರಳಲ್ಲಿ ಗಂಟು ಏಳುತ್ತದೆ, ವಾಸಿಯಾಗಲು ತಿಂಗಳುಗಟ್ಟಲೆ ಮಾತ್ರೆ ಬೇಕು. ಅದು ಚೆನ್ನಾಗಿ ಬೆಳೆಯುವುದು ಸುಮಾರು 30 ಡಿಗ್ರಿ ಶಾಖದಲ್ಲಿ, ಮಾಮೂಲಿ 37ರಲ್ಲಿ ಅಲ್ಲ. ಆದ್ದರಿಂದ ಮೀನು ಹಿಡಿದದ್ದು, ಸೋಸಿದ್ದು ಅಥವಾ ಅಕ್ವೇರಿಯಂ ತೊಳೆದದ್ದು ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮಾದರಿಯನ್ನು ಯಾವ ಶಾಖದಲ್ಲಿ ಇಡಬೇಕೆಂದು ಅವರು ಪ್ರಯೋಗಾಲಯಕ್ಕೆ ತಿಳಿಸುತ್ತಾರೆ.