ಐವತ್ತು ಕಿಲೋದ ಚಾಂಪಿಯನ್: ಯೋಶಿಯೊ ಶಿರಾಯಿ

ಬಾಕ್ಸಿಂಗ್ ಎಂದ ಕೂಡಲೇ ನಮ್ಮ ವಿದ್ಯಾರ್ಥಿಗಳ ಬಾಯಲ್ಲಿ ಬರುವ ಹೆಸರು ಮುಹಮ್ಮದ್ ಅಲಿ. ಆರಡಿ ಮೀರಿದ ಎತ್ತರ, ಅದಕ್ಕೆ ತಕ್ಕ ಭಾರ. ಹಾಗಾಗಿ ಇದು ದೊಡ್ಡ ಆಳುಗಳ ಆಟ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ಈ ಆಟದಲ್ಲಿ ಫ್ಲೈವೇಟ್ ಎಂಬ ವಿಭಾಗವೊಂದಿದೆ. ಅದರ ಗರಿಷ್ಠ ತೂಕ 112 ಪೌಂಡ್, ಅಂದರೆ ಸುಮಾರು 50.8 ಕಿಲೋ. ನಮ್ಮ ಪ್ರಥಮ ಪಿಯುಸಿ ಹುಡುಗರಲ್ಲಿ ಎಷ್ಟೋ ಮಂದಿ ಇಷ್ಟೇ ತೂಗುತ್ತಾರೆ! ಈ ಸಣ್ಣ ತೂಕದಲ್ಲಿ ಗೆದ್ದು, ಸೋತು ಮಲಗಿದ್ದ ಒಂದು ದೇಶ ತಲೆ ಎತ್ತುವಂತೆ ಮಾಡಿದ ವ್ಯಕ್ತಿ ಜಪಾನಿನ ಯೋಶಿಯೊ ಶಿರಾಯಿ.

ಶಿರಾಯಿ ಹುಟ್ಟಿದ್ದು 1923ರ ನವೆಂಬರ್ 23ರಂದು, ಟೋಕಿಯೊದಲ್ಲಿ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಜಾತ್ರೆಯೊಂದರಲ್ಲಿ ಕಾಂಗರೂ ಜೊತೆ ಬಾಕ್ಸಿಂಗ್ ಆಡಿದ್ದೇ ಅವರ ಮೊದಲ ಪಂದ್ಯ ಎಂದು ಹೇಳುವುದುಂಟು. ವೃತ್ತಿಪರರಾಗಿ ರಿಂಗಿಗೆ ಇಳಿದದ್ದು 1943ರ ಕೊನೆಗೆ. ಎರಡನೇ ಮಹಾಯುದ್ಧ ಜೋರಾಗಿ ನಡೆಯುತ್ತಿದ್ದ ಕಾಲ. ಸಾಲಾಗಿ ಪಂದ್ಯಗಳನ್ನು ಗೆಲ್ಲುತ್ತಿದ್ದ ಹುಡುಗನಿಗೆ ನೌಕಾಪಡೆಯಿಂದ ಕರೆ ಬಂತು. ಅಲ್ಲಿ ಅವರದು ವಿಮಾನಗಳ ದುರಸ್ತಿಯ ಕೆಲಸ. ಮರಳಿ ಬರುವುದಿಲ್ಲವೆಂದು ಗೊತ್ತಿದ್ದೇ ಹಾರುತ್ತಿದ್ದ ಆತ್ಮಾಹುತಿ ದಳದ ವಿಮಾನಗಳನ್ನೂ ಅವರು ಸಿದ್ಧಪಡಿಸಿ ಕೊಡಬೇಕಾಗಿತ್ತು. ತಮ್ಮದೇ ವಯಸ್ಸಿನ ಹುಡುಗರು ಹತ್ತಿ ಹೋಗುವ ವಿಮಾನದ ನಟ್ಟು ಬೋಲ್ಟುಗಳನ್ನು ಬಿಗಿಯುವ ಕೆಲಸ ಮನಸ್ಸಿನ ಮೇಲೆ ಏನು ಮಾಡಿರಬಹುದು ಎಂದು ನಾವೇ ಊಹಿಸಿಕೊಳ್ಳಬೇಕು.

1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಯಿತು. ಶಿರಾಯಿ ಊರಿಗೆ ಮರಳಿದಾಗ ಟೋಕಿಯೊದ ಬಹುಭಾಗ ಸುಟ್ಟು ಬೂದಿಯಾಗಿತ್ತು. ಅಕ್ಕಿಗೂ ಪರದಾಟ. ಮೇಲಾಗಿ ಸೇನೆಯಿಂದ ಅವರು ಹೊತ್ತು ತಂದದ್ದು ಸೊಂಟ ನೋವು. 1946ರಲ್ಲಿ ಮತ್ತೆ ಗ್ಲೋವ್ಸ್ ತೊಟ್ಟರೂ ಮೊದಲಿನ ಚುರುಕು ಇರಲಿಲ್ಲ. ಹಿಂದೆ ಸುಲಭವಾಗಿ ಗೆಲ್ಲುತ್ತಿದ್ದ ಕಡೆ ಈಗ ಸೋಲು. ಇನ್ನೂ ಇಪ್ಪತ್ತೈದು ತುಂಬದ ಶಿರಾಯಿ ಆಟವನ್ನೇ ಬಿಟ್ಟುಬಿಡುವ ಯೋಚನೆಯಲ್ಲಿದ್ದರು. ಅವರ ಕಥೆ ಮುಗಿಯಿತು ಎಂಬುದು ಬಾಕ್ಸಿಂಗ್ ಬಲ್ಲವರ ಅಭಿಪ್ರಾಯವೂ ಆಗಿತ್ತು.

ಇಲ್ಲಿ ಕಥೆಯೊಳಗೆ ಒಬ್ಬ ಅಮೆರಿಕನ್ ಪ್ರೊಫೆಸರ್ ಬರುತ್ತಾರೆ. ಹೆಸರು ಆಲ್ವಿನ್ ಕಾನ್. ಅವರೇನೂ ಬಾಕ್ಸರ್ ಅಲ್ಲ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರು, ಅಲ್ಲಿನ ಆಮೆಗಳ ಬಗ್ಗೆ ಪುಸ್ತಕ ಬರೆದವರು. ಸೋತ ಜಪಾನನ್ನು ಆಳುತ್ತಿದ್ದ ಅಮೆರಿಕನ್ ಆಡಳಿತದ ನೈಸರ್ಗಿಕ ಸಂಪನ್ಮೂಲ ವಿಭಾಗದಲ್ಲಿ ವಿಜ್ಞಾನಿಯಾಗಿ ಟೋಕಿಯೊಗೆ ಬಂದಿದ್ದರು. ಜಪಾನಿನ ಮುತ್ತಿನ ಕೃಷಿಯ ಕುರಿತು ಅವರು ಸಿದ್ಧಪಡಿಸಿದ ವರದಿ 1949ರಲ್ಲಿ ಪ್ರಕಟವಾಯಿತು. ಐವತ್ತು ದಾಟಿದ ಈ ವಿಜ್ಞಾನಿ 1948ರಲ್ಲಿ ಒಂದು ದಿನ ಗಿಂಜಾ ಪ್ರದೇಶದ ಬಾಕ್ಸಿಂಗ್ ಶಾಲೆಯೊಂದರಲ್ಲಿ ಶಿರಾಯಿಯವರ ಅಭ್ಯಾಸ ನೋಡುತ್ತಾ ನಿಂತರು. ಉಳಿದವರಿಗೆ ಕಂಡದ್ದು ಸೊಂಟ ಹಿಡಿದ, ಸೊರಗಿದ ಆಟಗಾರ. ಕಾನ್ ಅವರಿಗೆ ಕಂಡದ್ದು ಉದ್ದನೆಯ ಕೈಗಳು, ಮತ್ತು ಏಟು ಯಾವ ಕ್ಷಣಕ್ಕೆ ಹೋಗಬೇಕೋ ಅದೇ ಕ್ಷಣಕ್ಕೆ ಹೋಗುವ ಹುಟ್ಟು ಗುಣ. ಜೀವಿಗಳನ್ನು ಗಮನಿಸುವುದೇ ಕಸುಬಾಗಿದ್ದವರ ಕಣ್ಣು ಅದು! ತಾನೇ ತರಬೇತಿ ಕೊಡುತ್ತೇನೆಂದು ಅವರು ಮುಂದೆ ಬಂದರು.

ಮೂರೇ ವರ್ಷಗಳ ಹಿಂದೆ ಇವರಿಬ್ಬರೂ ಶತ್ರು ದೇಶಗಳ ಪ್ರಜೆಗಳು. ಒಬ್ಬರಿಗೆ ಇನ್ನೊಬ್ಬರ ಭಾಷೆಯೂ ಸರಿಯಾಗಿ ಬಾರದು. ಆದರೂ ಶಿರಾಯಿ ಒಪ್ಪಿಕೊಂಡರು.

ಕಾನ್ ಅವರ ಮೊದಲ ಪಾಠ ಊಟದ್ದು. ಹಸಿದ ಹೊಟ್ಟೆಯಲ್ಲಿ ಬಾಕ್ಸಿಂಗ್ ಸಾಧ್ಯವಿಲ್ಲ ಎಂಬುದನ್ನು ಜೀವವಿಜ್ಞಾನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಮೆರಿಕನ್ನರಿಗಾಗಿ ಬರುತ್ತಿದ್ದ ಮಾಂಸ, ಮೊಟ್ಟೆ, ಹಾಲು ಶಿರಾಯಿಯವರ ತಟ್ಟೆಗೆ ಬಂದವು. ಎರಡನೆಯ ಪಾಠ ಆಟದ್ದು. ಯುದ್ಧಕ್ಕೆ ಮೊದಲು ಜಪಾನಿನ ದೊಡ್ಡ ಹೆಸರು ಹೋರಿಗುಚಿ. ಎಡೆಬಿಡದೆ ಎರಡೂ ಕೈಯಿಂದ ಹೊಡೆಯುತ್ತಾ ನುಗ್ಗುತ್ತಿದ್ದ ಅವರನ್ನು ಜನ ಪಿಸ್ಟನ್ ಎಂದೇ ಕರೆಯುತ್ತಿದ್ದರು. ಎಷ್ಟು ಏಟು ತಿಂದರೂ ಹಿಂದೆ ಸರಿಯದೆ ನುಗ್ಗುವುದೇ ಗಂಡಸುತನ ಎಂಬ ಭಾವನೆ ಆಗ ಅಲ್ಲಿ ಬೇರೂರಿತ್ತು. ಕಾನ್ ಇದಕ್ಕೆ ತದ್ವಿರುದ್ಧವಾದುದನ್ನು ಕಲಿಸಿದರು. ಏಟು ತಿನ್ನಬಾರದು. ಎಡಗೈಯ ಜ್ಯಾಬ್‌ನಿಂದ ಎದುರಾಳಿಯನ್ನು ದೂರದಲ್ಲೇ ನಿಲ್ಲಿಸಬೇಕು, ಅವನು ತಪ್ಪು ಮಾಡಿದಾಗ ಬಲಗೈ ಹೋಗಬೇಕು.

ಫಲ ಬೇಗನೆ ಸಿಕ್ಕಿತು. 1949ರ ಜನವರಿಯಲ್ಲಿ ಶಿರಾಯಿ ಜಪಾನಿನ ಫ್ಲೈವೇಟ್ ಚಾಂಪಿಯನ್ ಆದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೇಲಿನ ವಿಭಾಗವಾದ ಬ್ಯಾಂಟಮ್‌ವೇಟ್ ಪ್ರಶಸ್ತಿಯೂ ಬಂತು. ಅಲ್ಲಿ ಸೋತವರು ಪಿಸ್ಟನ್ ಹೋರಿಗುಚಿಯ ತಮ್ಮ.

ಇನ್ನು ಉಳಿದದ್ದು ವಿಶ್ವ ಪ್ರಶಸ್ತಿ. ಈಗಿನಂತೆ ಆಗ ಒಂದೊಂದು ತೂಕಕ್ಕೆ ನಾಲ್ಕು ಸಂಸ್ಥೆಗಳ ನಾಲ್ವರು ಚಾಂಪಿಯನ್ನರು ಇರುತ್ತಿರಲಿಲ್ಲ. ಫ್ಲೈವೇಟ್ ಕಿರೀಟ ಇದ್ದದ್ದು ಹವಾಯಿಯ ಡಾಡೊ ಮರಿನೊ ಬಳಿ. ಫಿಲಿಪ್ಪೀನ್ಸ್ ಮೂಲದ ಅವರು ಮೊಮ್ಮಗುವನ್ನು ಕಂಡ ಮೇಲೆ ವಿಶ್ವ ಚಾಂಪಿಯನ್ ಆದವರು! 1951ರ ಮೇ ತಿಂಗಳಲ್ಲಿ ಟೋಕಿಯೊದಲ್ಲಿ ಪ್ರಶಸ್ತಿ ಪಣಕ್ಕಿಲ್ಲದ ಪಂದ್ಯದಲ್ಲಿ ಶಿರಾಯಿ ಅವರ ಎದುರು ಸೋತರು. ತೀರ್ಪುಗಾರರಲ್ಲೇ ಒಮ್ಮತವಿಲ್ಲದಷ್ಟು ಸಣ್ಣ ಅಂತರದ ಸೋಲು. ಡಿಸೆಂಬರ್‌ನಲ್ಲಿ ಹೊನೊಲುಲುವಿಗೆ ಹೋಗಿ, ಮರಿನೊ ಅವರ ಸ್ವಂತ ಊರಿನಲ್ಲೇ ಏಳನೇ ಸುತ್ತಿನಲ್ಲಿ ಅವರನ್ನು ಮಣಿಸಿದರು. ಇನ್ನು ಪ್ರಶಸ್ತಿಗಾಗಿ ಆಡದೆ ಮರಿನೊ ಅವರಿಗೆ ಬೇರೆ ದಾರಿ ಇರಲಿಲ್ಲ.

ವಿಶ್ವ ಪ್ರಶಸ್ತಿ ಪಂದ್ಯ ನಡೆಸಲು ದೇಶದಲ್ಲಿ ಅಧಿಕೃತ ಸಂಸ್ಥೆಯೊಂದು ಬೇಕು. ಅದಕ್ಕಾಗಿಯೇ 1952ರ ಏಪ್ರಿಲ್‌ನಲ್ಲಿ ಜಪಾನ್ ಬಾಕ್ಸಿಂಗ್ ಕಮಿಷನ್ ಹುಟ್ಟಿತು. ಅದೇ ಏಪ್ರಿಲ್ 28ರಂದು ಶಾಂತಿ ಒಪ್ಪಂದ ಜಾರಿಗೆ ಬಂದು, ಅಮೆರಿಕನ್ ಆಡಳಿತ ಕೊನೆಗೊಂಡು, ಜಪಾನ್ ಮತ್ತೆ ಸ್ವತಂತ್ರವಾಯಿತು. ಯುದ್ಧದ ಬಳಿಕ ಆ ಜನರಿಗೆ ಹೆಮ್ಮೆಪಡಲು ಸಿಕ್ಕಿದ್ದು ಬಹಳ ಕಡಿಮೆ. 1949ರಲ್ಲಿ ಭೌತವಿಜ್ಞಾನಿ ಹಿಡೆಕಿ ಯುಕಾವಾ ಅವರಿಗೆ ನೊಬೆಲ್ ಬಂದದ್ದು, ಅದೇ ವರ್ಷ ಈಜುಗಾರ ಫುರುಹಾಶಿ ಲಾಸ್ ಏಂಜಲೀಸ್‌ನಲ್ಲಿ ವಿಶ್ವ ದಾಖಲೆ ಮಾಡಿದ್ದು, ಹೀಗೆ ಒಂದೆರಡು. ಪಂದ್ಯಕ್ಕೆ ಮುಂಚೆ ಕಾನ್ ತಮ್ಮ ಶಿಷ್ಯನಿಗೆ, ನಿನಗಾಗಿ ಆಡಬೇಡ, ನಿನ್ನ ದೇಶಕ್ಕಾಗಿ ಆಡು ಎಂಬರ್ಥದ ಮಾತು ಹೇಳಿದರಂತೆ. ಹೇಳಿದವರು ಅಮೆರಿಕನ್ ಎಂಬುದನ್ನು ಮರೆಯಬಾರದು.

1952ರ ಮೇ 19ರ ಸಂಜೆ ಟೋಕಿಯೊದ ಕೊರಾಕುಯೆನ್ ಬೇಸ್‌ಬಾಲ್ ಮೈದಾನದಲ್ಲಿ ಸುಮಾರು 40 ಸಾವಿರ ಜನ ಸೇರಿದರು. ಹದಿನೈದು ಸುತ್ತುಗಳ ಪಂದ್ಯ. ನಡುವೆ ಮರಿನೊ ಅವರ ಎಡಗೈ ಏಟಿಗೆ ಶಿರಾಯಿ ತತ್ತರಿಸಿ ಇನ್ನೇನು ಬಿದ್ದರು ಎನ್ನುವ ಸ್ಥಿತಿಗೆ ಬಂದರು. ಬೀಳಲಿಲ್ಲ. ಮತ್ತೆ ಅದೇ ಎಡಗೈ ಜ್ಯಾಬ್, ಅದೇ ದೂರ. ಹದಿನೈದನೇ ಸುತ್ತು ಮುಗಿದಾಗ ತೀರ್ಪುಗಾರರೆಲ್ಲರೂ ಶಿರಾಯಿ ಕಡೆ. ಜಪಾನಿಗೆ ಮೊಟ್ಟಮೊದಲ ಬಾರಿಗೆ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಸಿಕ್ಕಿದ್ದರು. ಎರಡನೆಯವರಿಗಾಗಿ ಆ ದೇಶ 1962ರವರೆಗೆ ಕಾಯಬೇಕಾಯಿತು.

ಶಿರಾಯಿ ನಾಲ್ಕು ಬಾರಿ ಪ್ರಶಸ್ತಿ ಉಳಿಸಿಕೊಂಡರು. ಮರಿನೊ ಮತ್ತೊಮ್ಮೆ ಸೋತರು, ಇಂಗ್ಲೆಂಡಿನ ಟೆರ್ರಿ ಆಲೆನ್ ಸೋತರು, ಫಿಲಿಪ್ಪೀನ್ಸಿನ ಇಬ್ಬರು ಸೋತರು. ಆ ಬಳಿಕ ಎದುರಾದವರು ಅರ್ಜೆಂಟೀನಾದ ಪಾಸ್ಕುವಲ್ ಪೆರೆಜ್. ಐದಡಿ ಎತ್ತರವೂ ಇಲ್ಲದ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಗಟ್ಟಿಗ. 1954ರ ಜುಲೈನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಇಬ್ಬರೂ ಸಮ ಸಮ. ನವೆಂಬರ್ 26ರಂದು ಟೋಕಿಯೊದಲ್ಲಿ ಪೆರೆಜ್ ಕಿರೀಟ ಕಿತ್ತುಕೊಂಡರು. 1955ರ ಮೇ 30ರ ಮರುಪಂದ್ಯದಲ್ಲಿ ಶಿರಾಯಿ ಐದನೇ ಸುತ್ತಿನಲ್ಲೇ ನಾಕೌಟ್ ಆದರು. ಅಲ್ಲಿಗೆ ನಿಲ್ಲಿಸಿದರು. ಒಟ್ಟು 58 ಪಂದ್ಯ, 46 ಗೆಲುವು, 8 ಸೋಲು, 4 ಡ್ರಾ.

ಅನೇಕ ಬಾಕ್ಸರುಗಳ ಬದುಕು ಗ್ಲೋವ್ಸ್ ಕಳಚಿದ ಮೇಲೆ ಹಳಿ ತಪ್ಪುತ್ತದೆ. ಶಿರಾಯಿಯವರದು ಹಾಗಾಗಲಿಲ್ಲ. ಪಂದ್ಯಗಳ ವಿಶ್ಲೇಷಕರಾಗಿ ಹೆಸರು ಮಾಡಿದರು. ಕಾನ್ ಅಮೆರಿಕಕ್ಕೆ ಮರಳಲಿಲ್ಲ. ಮಕ್ಕಳಿಲ್ಲದ ಅವರು ಜಪಾನಿನಲ್ಲೇ ಶಿರಾಯಿ ಕುಟುಂಬದ ಹಿರಿಯರಂತೆ ಉಳಿದರು. ಮುಪ್ಪಿನಲ್ಲಿ ಅವರ ನೆನಪಿನ ಶಕ್ತಿ ಕುಂದಿತು. ಯಾವ ಹುಡುಗನ ತಟ್ಟೆಗೆ ಅವರು ಮೊಟ್ಟೆ, ಹಾಲು ಇಟ್ಟಿದ್ದರೋ ಅದೇ ಹುಡುಗ ಈಗ ಪತ್ನಿಯೊಡನೆ ಅವರ ಆರೈಕೆಗೆ ನಿಂತರು. 1971ರ ಜನವರಿಯಲ್ಲಿ ಕಾನ್ ತೀರಿಕೊಳ್ಳುವವರೆಗೂ ಅವರನ್ನು ನೋಡಿಕೊಂಡರು. ಕಾನ್ ತಮ್ಮ ಆಸ್ತಿಯನ್ನು ಶಿರಾಯಿಯವರಿಗೇ ಬಿಟ್ಟುಹೋಗಿದ್ದರು.

1995ರಲ್ಲಿ ಶಿರಾಯಿ, ಮತ್ತೊಬ್ಬ ಮಾಜಿ ವಿಶ್ವ ಚಾಂಪಿಯನ್ ಯೋಕೊ ಗುಶಿಕೆನ್ ಜೊತೆ ಸೇರಿ ಟೋಕಿಯೊದಲ್ಲಿ ಬಾಕ್ಸಿಂಗ್ ಶಾಲೆ ತೆರೆದರು. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು. 2003ರ ಡಿಸೆಂಬರ್ 26ರಂದು, 80ನೇ ವಯಸ್ಸಿನಲ್ಲಿ ನಿಧನರಾದರು. ಅವರು ಕಿರೀಟ ಗೆದ್ದ ಮೇ 19ನ್ನು ಜಪಾನಿನ ಬಾಕ್ಸಿಂಗ್ ವಲಯ ಇಂದು ಬಾಕ್ಸಿಂಗ್ ದಿನವಾಗಿ ಆಚರಿಸುತ್ತದೆ.