ಎರಡಾಣೆಯ ಅಡಿಪಾಯ: ಡಾ. ಟಿ.ಎಂ.ಎ. ಪೈ

ಹೊಸ ಉದ್ಯಮಕ್ಕೆ ಕೈಹಾಕುವವರು ಮೊದಲು ಬಂಡವಾಳದ ಚಿಂತೆ ಮಾಡುವುದು ಸಹಜ. ಆದರೆ ಬಂಡವಾಳಕ್ಕಿಂತ ಮಿಗಿಲಾದ ಪ್ರಶ್ನೆಯೊಂದಿದೆ. ಹಣ ಯಾರಿಂದ ಬರಬೇಕು, ಯಾವ ದಾರಿಯಿಂದ ಬರಬೇಕು, ಆ ದಾರಿಯ ಖರ್ಚನ್ನು ಯಾರು ಹೊರಬೇಕು ಎಂಬುದೇ ಆ ಪ್ರಶ್ನೆ. ಇದಕ್ಕೆ ಸರಿಯಾದ ಉತ್ತರ ದೊರೆತರೆ ಸಣ್ಣ ಬಂಡವಾಳವೂ ಬೆಳೆಯುತ್ತದೆ. ದೊರೆಯದಿದ್ದರೆ ದೊಡ್ಡ ಬಂಡವಾಳವೂ ಕರಗುತ್ತದೆ. ಈ ಪ್ರಶ್ನೆಯನ್ನು ಎರಡು ಬಾರಿ, ಎರಡು ಬೇರೆ ಬೇರೆ ಕ್ಷೇತ್ರಗಳಲ್ಲಿ ಎದುರಿಸಿ, ಎರಡು ಬಾರಿಯೂ ಹೊಸ ಉತ್ತರವನ್ನು ಕಂಡುಕೊಂಡವರು ಡಾ. ಟಿ.ಎಂ.ಎ. ಪೈ.

ತೋನ್ಸೆ ಮಾಧವ ಅನಂತ ಪೈ ಅವರು 1898ರ ಏಪ್ರಿಲ್ 30ರಂದು ಉಡುಪಿಗೆ ಸಮೀಪದ ಕಲ್ಯಾಣಪುರದಲ್ಲಿ ಜನಿಸಿದರು. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮದರಾಸಿನಲ್ಲಿ ವೈದ್ಯಕೀಯ ಶಿಕ್ಷಣ ಮುಗಿಸಿದ ಅವರು ಉಡುಪಿಯಲ್ಲಿ ವೈದ್ಯವೃತ್ತಿಯನ್ನು ಆರಂಭಿಸಿದರು. ಬಡವರ ಮನೆಯ ಕಷ್ಟ ವೈದ್ಯನಿಗೆ ತಿಳಿಯುವಷ್ಟು ಹತ್ತಿರದಿಂದ ಬೇರೆಯವರಿಗೆ ತಿಳಿಯುವುದು ಅಪರೂಪ. ಕಾಯಿಲೆ ಬಂದ ದಿನ ಕೈಯಲ್ಲಿ ಕಾಸಿಲ್ಲದಿರುವುದು ಕಾಯಿಲೆಗಿಂತ ದೊಡ್ಡ ಸಂಕಟವಾಗುವುದುಂಟು.

ಆ ದಿನಗಳಲ್ಲಿ ಕರಾವಳಿಯ ಕೈಮಗ್ಗದ ಉದ್ಯಮ ಬಿಕ್ಕಟ್ಟಿಗೆ ಸಿಲುಕಿ ನೇಕಾರರು ಕಂಗಾಲಾಗಿದ್ದರು. ಅವರಿಗೆ ನೆರವಾಗುವ ಉದ್ದೇಶದಿಂದ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಹುಟ್ಟಿಕೊಂಡಿತು. ಸ್ಥಾಪಕರು ಮೂವರು: ವ್ಯಾಪಾರದ ಅನುಭವವಿದ್ದ ಅಣ್ಣ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ ಮತ್ತು ವೈದ್ಯರಾದ ಮಾಧವ ಪೈ. ಆರಂಭದ ಬಂಡವಾಳ 8000 ರೂಪಾಯಿ.

ಬ್ಯಾಂಕು ಸ್ಥಾಪಿಸುವುದು ಆ ಜಿಲ್ಲೆಗೆ ಹೊಸತೇನಾಗಿರಲಿಲ್ಲ. 1906ರಲ್ಲಿಯೇ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯನ್ನೂ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿನ ಮೂಲ ಸಂಸ್ಥೆಯನ್ನೂ ಕಟ್ಟಿದ್ದರು. 1924ರಲ್ಲಿ ಕರ್ಣಾಟಕ ಬ್ಯಾಂಕು ಆರಂಭವಾಗಿತ್ತು. ಇಷ್ಟು ಸಂಸ್ಥೆಗಳಿರುವಲ್ಲಿ ಹೊಸಬರು ಸಿರಿವಂತರ ಠೇವಣಿಗಾಗಿ ಕಾದು ಕುಳಿತರೆ ಉಳಿಗಾಲವಿರಲಿಲ್ಲ. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದ ಜನರ ಬಳಿಗೆ ಬ್ಯಾಂಕೇ ಹೋಗಬೇಕೆಂಬ ಮಾರ್ಗವನ್ನು ಅವರು ಆರಿಸಿಕೊಂಡರು. 1928ರಲ್ಲಿ ಜಾರಿಗೆ ಬಂದ ಪಿಗ್ಮಿ ಠೇವಣಿ ಯೋಜನೆಯ ಮೂಲ ಇದು.

ಯೋಜನೆ ಸರಳವಾಗಿತ್ತು. ಬ್ಯಾಂಕಿನ ಪ್ರತಿನಿಧಿ ಪ್ರತಿದಿನ ಮನೆಬಾಗಿಲಿಗೆ, ಅಂಗಡಿಯ ಮುಂಗಟ್ಟಿಗೆ ಬಂದು ಎರಡಾಣೆಯಷ್ಟು ಕಿರುಮೊತ್ತವನ್ನೂ ಪಡೆದು ಲೆಕ್ಕಕ್ಕೆ ಸೇರಿಸುತ್ತಿದ್ದ. ದಿನಕ್ಕೆರಡಾಣೆಯಂತೆ ಉಳಿಸಿದವನ ಹೆಸರಿನಲ್ಲಿ ವರ್ಷದ ಕೊನೆಗೆ, ಬಡ್ಡಿಯನ್ನು ಬಿಟ್ಟು, 45 ರೂಪಾಯಿ 10 ಆಣೆ ಕೂಡುತ್ತಿತ್ತು. ಇಂತಹ 175 ಮಂದಿ ಒಂದು ವರ್ಷ ಉಳಿಸಿದರೆ ಅದು ಬ್ಯಾಂಕಿನ ಆರಂಭದ ಬಂಡವಾಳಕ್ಕೆ ಸರಿಸುಮಾರು ಸಮನಾಗುತ್ತಿತ್ತು! ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆ ಹಳ್ಳಕ್ಕೆ ಕಾಲುವೆ ತೋಡಿದ್ದು ಅವರ ಹೆಚ್ಚುಗಾರಿಕೆ.

ಬ್ಯಾಂಕಿನ ಲೆಕ್ಕ ಬಲ್ಲ ಯಾರಿಗಾದರೂ ಇಲ್ಲಿ ಒಂದು ಸಂದೇಹ ಬರುವುದು ಸಹಜ. ಎರಡಾಣೆ ತರಲು ಹೋಗುವವನಿಗೆ ಸಂಬಳ ಕೊಟ್ಟರೆ ಉಳಿಯುವುದೇನು? ಇದಕ್ಕೆ ಪರಿಹಾರವಾಗಿ ಸಂಗ್ರಾಹಕನಿಗೆ ಅವನು ತಂದ ಹಣದ ಮೇಲೆ ಕಮಿಷನ್ ಗೊತ್ತುಮಾಡಲಾಯಿತು. ಸಂಗ್ರಹ ಹೆಚ್ಚಿದರೆ ಮಾತ್ರ ಖರ್ಚು ಹೆಚ್ಚುತ್ತಿತ್ತು. ಸಂಗ್ರಾಹಕನು ಊರಿನವನೇ ಆದುದರಿಂದ ಜನರಿಗೆ ನಂಬಿಕೆ ಇರುತ್ತಿತ್ತು. ಯಾರ ವ್ಯಾಪಾರ ಹೇಗಿದೆ ಎಂಬುದು ಬ್ಯಾಂಕಿಗೂ ತಿಳಿಯುತ್ತಿತ್ತು. ತಪ್ಪದೆ ಪಿಗ್ಮಿ ಕಟ್ಟುವವನಿಗೆ ಸಾಲ ಕೊಡಲು ಬೇರೆ ಶಿಫಾರಸು ಬೇಕಾಗುತ್ತಿರಲಿಲ್ಲ. ಇನ್ನೊಂದು ಲಾಭವೂ ಇತ್ತು. ಒಬ್ಬ ದೊಡ್ಡ ಠೇವಣಿದಾರ ಹಣ ಹಿಂತೆಗೆದರೆ ಸಣ್ಣ ಬ್ಯಾಂಕು ನಡುಗುತ್ತದೆ. ಸಾವಿರಾರು ಕಿರು ಠೇವಣಿದಾರರು ಒಂದೇ ದಿನ ಬರುವುದು ಅಪರೂಪ. 1938ರಲ್ಲಿ ಟ್ರಾವಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಮುಳುಗಿ ದಕ್ಷಿಣ ಭಾರತದಲ್ಲೆಲ್ಲ ಆತಂಕ ಹಬ್ಬಿದಾಗಲೂ ಉಡುಪಿಯ ಈ ಸಂಸ್ಥೆ ಉಳಿದುಕೊಂಡಿತು.

ಎರಡನೆಯ ಆಯ್ಕೆ ಶಿಕ್ಷಣಕ್ಕೆ ಸಂಬಂಧಿಸಿದ್ದು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್, 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಅವರ ಪ್ರಯತ್ನದಿಂದ ರೂಪುಗೊಂಡವು. ಆದರೆ ವೈದ್ಯಕೀಯ ಕಾಲೇಜು ಸರ್ಕಾರದಿಂದ ಮಾತ್ರ ಸಾಧ್ಯವೆಂದು, ಇಲ್ಲವೇ ಮಿಷನರಿಗಳ ದಾನದಿಂದ ಸಾಧ್ಯವೆಂದು ಜನ ನಂಬಿದ್ದ ಕಾಲವದು. ಮಣಿಪಾಲವು ಆಗ ಬರಿಯ ಬೋಳುಗುಡ್ಡ. ವಿದ್ಯಾರ್ಥಿಗಳ ಶುಲ್ಕದಿಂದಲೇ ಕಾಲೇಜು ನಡೆಯಬೇಕು, ರೋಗಿಗಳನ್ನು ಕಂಡು ಕಲಿಯಲು ಮಂಗಳೂರಿನ ಸರ್ಕಾರಿ ಆಸ್ಪತ್ರೆಗಳು ಒದಗಬೇಕು ಎಂಬ ಯೋಜನೆಯ ಮೇಲೆ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾಯಿತು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಬಂದಿತು.

ಈ ಎರಡೂ ಮಾರ್ಗಗಳಿಗೆ ಬೆಲೆ ತೆರಬೇಕಾದವರೂ ಇದ್ದರೆಂಬುದನ್ನು ಮರೆಯಲಾಗದು. ಬಿಸಿಲು ಮಳೆಯೆನ್ನದೆ ತಿರುಗಿದ ಪಿಗ್ಮಿ ಸಂಗ್ರಾಹಕರಿಗೆ ನೌಕರರ ಸ್ಥಾನಮಾನವಿರಲಿಲ್ಲ. ಬ್ಯಾಂಕಿಗೆ ಉಳಿತಾಯವಾದ ಸಂಬಳ ಅವರ ಪಾಲಿಗೆ ಇಲ್ಲದ ಭದ್ರತೆಯಾಗಿತ್ತು. ಅವರು ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕರೇ ಹೌದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿದ್ದು 2001ರಲ್ಲಿ. ಹಾಗೆಯೇ ಶುಲ್ಕಾಧಾರಿತ ಶಿಕ್ಷಣವು ಬಡ ಪ್ರತಿಭಾವಂತರನ್ನು ಹೊರಗಿಡುತ್ತದೆಂಬ ಆಕ್ಷೇಪ ಬೆಳೆಯಿತು. ಹಲವರು ಈ ಮಾದರಿಯನ್ನು ಕೇವಲ ಲಾಭಕ್ಕಾಗಿ ಅನುಕರಿಸಿದರು. 1984ರಲ್ಲಿ ಕರ್ನಾಟಕ ಸರ್ಕಾರ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ ತಂದಿತು. ಖಾಸಗಿ ಶಿಕ್ಷಣ ಸಂಸ್ಥೆಗಳ ಹಕ್ಕು ಮತ್ತು ಮಿತಿಗಳನ್ನು ಕುರಿತು 2002ರಲ್ಲಿ 11 ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪು ಪೈಯವರ ಹೆಸರಿನ ಪ್ರತಿಷ್ಠಾನದ ಮೊಕದ್ದಮೆಯದೇ ಎಂಬುದು ಗಮನಾರ್ಹ.

ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆದಿದ್ದ ಸಂಸ್ಥೆ 1969ರ ಜುಲೈ 19ರಂದು ಇತರ 13 ಬ್ಯಾಂಕುಗಳೊಡನೆ ರಾಷ್ಟ್ರೀಕೃತವಾಯಿತು. ಬ್ಯಾಂಕನ್ನು ಜನಸಾಮಾನ್ಯರ ಬಳಿಗೆ ಒಯ್ಯಬೇಕೆಂಬುದು ರಾಷ್ಟ್ರೀಕರಣದ ಒಂದು ಉದ್ದೇಶ. ಆ ಕೆಲಸವನ್ನು ಉಡುಪಿಯವರು ನಾಲ್ಕು ದಶಕಗಳ ಹಿಂದೆಯೇ ಆರಂಭಿಸಿದ್ದರು. 1972ರಲ್ಲಿ ಪದ್ಮಶ್ರೀ ಪಡೆದ ಡಾ. ಪೈ 1979ರ ಮೇ 29ರಂದು ನಿಧನರಾದರು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡು ಆ ಹೆಸರೂ ಮರೆಯಾಯಿತು.

ಬ್ಯಾಂಕಿನ ಹೆಸರು ಅಳಿದರೂ ಪಿಗ್ಮಿ ಎಂಬ ಮಾತು ಕನ್ನಡದ ಮನೆಮಾತಾಗಿ ಉಳಿದಿದೆ. ಊರಿನ ಸಹಕಾರಿ ಸಂಘಗಳಲ್ಲಿ ಇಂದಿಗೂ ಪಿಗ್ಮಿ ಸಂಗ್ರಹ ನಡೆಯುತ್ತಿದೆ. ಪರಸ್ಥಳಗಳಲ್ಲಿ ನೆಲೆಸಿ ಹೊಸ ಉದ್ಯಮದ ಕನಸು ಕಾಣುವ ನಮ್ಮ ಮಕ್ಕಳು ಈ ಜೀವನವನ್ನು ಒಮ್ಮೆ ಅವಲೋಕಿಸುವುದು ಒಳ್ಳೆಯದು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಗಿರಾಕಿಯನ್ನು ಗುರುತಿಸುವ ಕಣ್ಣು ಅವರಿಗೆ ಬರಲಿ. ಉದ್ಯಮದ ಉಳಿತಾಯ ಯಾರ ಹೆಗಲ ಮೇಲೆ ಭಾರವಾಗಿ ಕುಳಿತಿದೆ ಎಂದು ವಿಚಾರಿಸುವ ಮನಸ್ಸೂ ಬರಲಿ.