ವಿಷಯೆ ತಿದ್ದಿದ ಅಕ್ಷರ: ಹೆಳವನಕಟ್ಟೆ ಗಿರಿಯಮ್ಮ

ಗಿರಿಯಮ್ಮ ಹುಟ್ಟಿದ್ದು ನಮ್ಮ ರಾಣೆಬೆನ್ನೂರಿನಲ್ಲಿ, 18ನೆಯ ಶತಮಾನದಲ್ಲಿ. ಚಿಕ್ಕ ವಯಸ್ಸಿಗೇ ಮದುವೆಯಾಗಿ ಮಲೇಬೆನ್ನೂರಿಗೆ ಹೋದರು. ಸಂಸಾರಕ್ಕಿಂತ ಸಮೀಪದ ಹೆಳವನಕಟ್ಟೆಯ ರಂಗನಾಥನಲ್ಲೇ ಮನಸ್ಸಿಟ್ಟು, ಆ ದೇವರ ಹೆಸರನ್ನೇ ಅಂಕಿತ ಮಾಡಿಕೊಂಡು ಹಾಡು ಕಟ್ಟಿದರು. ಅದಕ್ಕಾಗಿ ಊರವರ ಮಾತು ಕೇಳಬೇಕಾಯಿತೆಂದು ಐತಿಹ್ಯ. ಪವಾಡದ ಕಥೆಗಳೂ ಬಹಳ. ಪಾಠ ಯೋಜನೆಯಲ್ಲಿ ಅವಕ್ಕೆ ನಾನು ಎರಡೇ ನಿಮಿಷ ಇಟ್ಟೆ.

ಉಳಿದ ಹೊತ್ತೆಲ್ಲ ಅವರ ‘ಚಂದ್ರಹಾಸನ ಕಥೆ’ಗೆ. ಚಂದ್ರಹಾಸನಿಗೆ ವಿಷ ಕೊಡು ಎಂದು ಮಗ ಮದನನಿಗೆ ಬರೆದ ಓಲೆಯನ್ನು ಮಂತ್ರಿ ದುಷ್ಟಬುದ್ಧಿ ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ಅವನು ತೋಟದಲ್ಲಿ ನಿದ್ದೆ ಹೋದಾಗ ಮಂತ್ರಿಯ ಮಗಳು ಅದನ್ನು ಓದಿ, ಅಕ್ಷರ ತಿದ್ದುತ್ತಾಳೆ. ವಿಷ ಇದ್ದಲ್ಲಿ ವಿಷಯೆ ಬರುತ್ತದೆ. ಅದು ಅವಳದೇ ಹೆಸರು. ಮದನ ಇಬ್ಬರಿಗೂ ಮದುವೆ ಮಾಡುತ್ತಾನೆ.

ಇದೇ ಕಥೆಯನ್ನು ಲಕ್ಷ್ಮೀಶನೂ ಹೇಳಿದ್ದಾನೆ. ಗಿರಿಯಮ್ಮ ಹೆಂಗಸರ ಬಾಯಿಗೆ ಒಗ್ಗುವ ಹಾಡಾಗಿಸಿದರು. ಓದು ಬಾರದ ಎಷ್ಟೋ ತಾಯಂದಿರು ಹಾಡಿದ್ದು, ಓದು ಬಲ್ಲ ಹುಡುಗಿ ತನ್ನ ಗಂಡನನ್ನು ತಾನೇ ಆರಿಸಿಕೊಂಡದ್ದನ್ನು! ಭಕ್ತಿಯೊಂದನ್ನೇ ನೋಡಿದರೆ ಇದು ಕಣ್ಣಿಗೆ ಬೀಳದು.

ಬ್ಯಾಡಗಿಯ ಒಂಬತ್ತನೇ ತರಗತಿಯಲ್ಲಿ, ಸಿಕ್ಕಿಬಿದ್ದಿದ್ದರೆ ವಿಷಯೆಯ ಗತಿಯೇನು ಎಂದು ಒಬ್ಬಳು ಕೇಳಿದಳು. ಆಮೇಲೆ ಬೆಲ್ ಹೊಡೆಯುವವರೆಗೂ ಹುಡುಗಿಯರೇ ಮಾತಾಡಿದರು.